ಕೆರೆದಷ್ಟೂ ಬಣ್ಣ

ಮಾರ್ಚ್ ೧೧, ಮಂಗಳವಾರ
ಮಧ್ಯಾಹ್ನ, ಹಜಾರದ ನೆಲದ ಮೇಲೆ ಕೂತು

ಇವಳೇ,

ಈ ಪತ್ರ ಹದಿನೈದು ದಿನ ಮುಂಚೆಯೇ ನಿನ್ನ ಕೈ ಸೇರಬೇಕಿತ್ತು. ಸೋಮಾರಿತನದಿಂದ ತಡವಾಯಿತು ಎಂದು ನೀನು ಅಂದುಕೊಳ್ಳುತ್ತೀಯ, ಗೊತ್ತು. ಕಾಗದದ ಅಂಚಿನಲ್ಲಿ ಬೆಳ್ಳಗೆ ಒಂದು ಹೆಬ್ಬೆರಳ ಗುರುತಿದೆ, ನೋಡು. ಅದು ಪ್ರೈಮರ್, ಬಣ್ಣಕ್ಕೆ ಮುಂಚೆ ಗೋಡೆಗೆ ಬಳಿಯುವ ಬಿಳಿ. ಸೋಪಿಗೂ ಹೋಗುವುದಿಲ್ಲ, ಸೀಮೆಎಣ್ಣೆಗೂ ಹೋಗುವುದಿಲ್ಲ, ಊಟ ಮಾಡುವಾಗ ಮಾತ್ರ ಹೋಗುತ್ತದೆ. ನಾನು ಚೆನ್ನಾಗಿದ್ದೇನೆ, ಸೊಂಟ ಮಾತ್ರ ಮುನಿಸಿಕೊಂಡಿದೆ. ನಿನ್ನ ಅಕ್ಕನ ಮಂಡಿ ಹೇಗಿದೆ? ಅವರು ಮೆಟ್ಟಿಲು ಹತ್ತಿ ಮಹಡಿಯ ಮೇಲೆ ಬಟ್ಟೆ ಒಣಗಿಸುವಷ್ಟು ಗಟ್ಟಿಯಾಗಿದ್ದಾರೆಂದು ಮಗಳು ಹೇಳಿದಳು. ಅಂದರೆ ಆಪರೇಷನ್ನಿನ ನೆಪ ಮುಗಿದು ಒಂದು ತಿಂಗಳಾದರೂ ಆಗಿದೆ. ಬೇಜಾರು ಮಾಡಿಕೊಳ್ಳಬೇಡ, ಸುಮ್ಮನೆ ಹೇಳಿದೆ.

ಫೋನ್ ಮಾಡಬಹುದಿತ್ತು. ಆದರೆ ಹೋದ ಸಲ ಮಾಡಿದಾಗ ನೀನು, ಫೋನಿನಲ್ಲಿ ನಾನು ಬರೀ ಪ್ರಶ್ನೆ ಕೇಳುತ್ತೇನೆ, ಉತ್ತರ ಕೇಳಿಸಿಕೊಳ್ಳುವುದಿಲ್ಲ, ಹೇಳುವುದೇನಾದರೂ ಇದ್ದರೆ ಬರೆಯಿರಿ ಎಂದು ಇಟ್ಟುಬಿಟ್ಟೆ. ಸರಿ, ಬರೆಯುತ್ತಿದ್ದೇನೆ. ಕಾಗದದ ಮೇಲೆ ನೀನು ಉತ್ತರ ಕೊಡುವಾಗ ನಾನು ನಡುವೆ ಬಾಯಿ ಹಾಕಲಾಗುವುದಿಲ್ಲ, ಅದೊಂದು ಅನುಕೂಲ.

ನೀನು ಹೊರಟ ಬೆಳಿಗ್ಗೆ ನಾನು ಕತ್ತರಿ ಹುಡುಕುತ್ತಿದ್ದೆ, ನೆನಪಿದೆಯಲ್ಲ? ನನ್ನ ಮನೆಯಲ್ಲಿ ನನಗೊಂದು ಕತ್ತರಿ ಸಿಗುವುದಿಲ್ಲ ಎಂದು ಕೂಗಾಡಿದೆ. ನೀನು ಬ್ಯಾಗಿನ ಜಿಪ್ ಎಳೆಯುತ್ತಿದ್ದವಳು ಅರ್ಧಕ್ಕೆ ನಿಲ್ಲಿಸಿ, ಕತ್ತರಿ ಎಲ್ಲಿದೆ ಎಂದು ಹೇಳಿದೆ. ಅಲ್ಲೇ ಇತ್ತು. ಆಮೇಲೆ ಬಾಗಿಲಲ್ಲಿ ನಿಂತು, ಸಿಟ್ಟೇ ಇಲ್ಲದ ದನಿಯಲ್ಲಿ ಹೇಳಿದೆ: “ಹೌದು, ನಿಮ್ಮ ಮನೆ. ಇದ್ರಲ್ಲಿ ನನ್ನದು ಅಂತ ಒಂದೇ ಒಂದು ಇದ್ರೆ ಹುಡುಕಿ ಹೇಳಿ. ಹೇಳಿದ ದಿನ ಬರ್ತೀನಿ.”

ಬೇರೆ ಗಂಡಂದಿರು ಇದನ್ನು ಬೈಗುಳ ಎಂದುಕೊಂಡು ಎರಡು ದಿನ ಮುಖ ಊದಿಸಿಕೊಂಡು ಕೂರುತ್ತಿದ್ದರೇನೋ. ನನಗೆ ಅದು ಪ್ರಶ್ನೆಯಾಗಿ ಕೇಳಿಸಿತು. ನೀನು ನನಗೆ ‘ಪ್ರಶ್ನೆಪತ್ರಿಕೆ’ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ನೀನು ಬಸ್ಸು ಹತ್ತಿ ಇನ್ನೂ ಊರು ದಾಟಿರಲಿಲ್ಲ, ನಾನು ಹಳೆಯ ರೀಡಿಂಗ್ ಪುಸ್ತಕವೊಂದರ ಖಾಲಿ ಹಾಳೆ ತೆರೆದು ಕೋಣೆಯಿಂದ ಕೋಣೆಗೆ ಹೊರಟಿದ್ದೆ. ಮೂವತ್ತೆರಡು ವರ್ಷ ಊರಿನವರ ಮನೆಗಳಿಗೆ ನುಗ್ಗಿ ಕರೆಂಟಿನ ಮೀಟರ್ ಓದಿದವನಿಗೆ ಸ್ವಂತ ಮನೆಯಲ್ಲಿ ನಿನ್ನದೊಂದು ವಸ್ತು ಹುಡುಕುವುದು ಎಷ್ಟರ ಕೆಲಸ ಎಂದುಕೊಂಡೆ.

ಸಂಜೆಯವರೆಗೂ ಸಿಗಲಿಲ್ಲ. ಮಂಚ ನನ್ನ ಅಮ್ಮನದು. ಕಪಾಟು ನನ್ನ ಸಹೋದ್ಯೋಗಿ ವರ್ಗವಾಗಿ ಹೋಗುವಾಗ ಬಿಟ್ಟುಹೋದದ್ದು. ಗಡಿಯಾರ ಆಫೀಸಿನವರು ಕೊಟ್ಟದ್ದು. ಹೊಲಿಗೆ ಯಂತ್ರ ನಿನ್ನದು ಎಂದು ಖುಷಿಯಿಂದ ಬರೆದುಕೊಂಡೆ. ಆಮೇಲೆ ಯೋಚಿಸಿದರೆ, ಅದರಲ್ಲಿ ನೀನು ಹೊಲಿದದ್ದೆಲ್ಲ ನನ್ನ ಪ್ಯಾಂಟು, ಮಗಳ ಫ್ರಾಕು, ಕಿಟಕಿಯ ಪರದೆ. ಹೊಡೆದುಹಾಕಿದೆ. ಅಡುಗೆಮನೆಯ ಪಾತ್ರೆಗಳನ್ನು ಬರೆಯಲು ಹೋಗಿ ನಾಚಿಕೆಯಾಯಿತು. ಆ ದಿನ ನಾನು ಚಹಾ ಮಾಡಿಕೊಂಡು ಕುಡಿಯದೆ ಹಾಗೇ ಕೂತಿದ್ದೆ.

ಇಲ್ಲದಿದ್ದರೆ ಮಾಡಿದರಾಯಿತು ಎಂದು ಮರುದಿನ ಹೊಳೆಯಿತು. ಮನೆಗೆ ಬಣ್ಣ ಬಳಿದು ಹತ್ತು ವರ್ಷವಾಗಿತ್ತು. ಒಳಗಿನ ಗೋಡೆಗಳಿಗೆಲ್ಲ ನಿನಗಿಷ್ಟವಾದ ಬಣ್ಣವನ್ನು ನಾನೇ ಕೈಯಾರೆ ಬಳಿಯುವುದು, ಆಮೇಲೆ ‘ಇಗೋ, ಈ ಗೋಡೆಗಳು ನಿನ್ನವು’ ಎಂದು ಬರೆಯುವುದು. ಎಷ್ಟು ಸುಲಭ ಎನಿಸಿತೆಂದರೆ, ಏಣಿ ಕೇಳಲು ಆಗಲೇ ಹೊರಟೆ.

ನಮ್ಮ ಬೀದಿಯ ಕೊನೆಯ ಮನೆಯ ಏಣಿಯಪ್ಪ ನಿನಗೆ ಗೊತ್ತೇ ಇದ್ದಾನೆ. ಬಣ್ಣದ ಕೆಲಸ ಬಿಟ್ಟು ಏಳೆಂಟು ವರ್ಷವಾದರೂ ಏಣಿಯನ್ನು ಮಾತ್ರ ಯಾರಿಗೂ ಮಾರಿಲ್ಲ. ನಾನೇ ಬಳಿಯುತ್ತೇನೆ ಎಂದಾಗ ನನ್ನನ್ನು ಮೇಲಿಂದ ಕೆಳಗೆ ನೋಡಿ, ಸೊಂಟಕ್ಕೆ ಹಚ್ಚುವ ಎಣ್ಣೆ ಮೊದಲು ತಂದಿಟ್ಟುಕೊಳ್ಳಿ, ಬಣ್ಣ ಆಮೇಲೆ ತರೋಣ ಎಂದ. ಆದರೂ ಏಣಿ ಕೊಟ್ಟ. ಗೋಡೆಯನ್ನು ಮೇಲಿಂದ ಕೆಳಕ್ಕೆ ಬಳಿಯಬೇಕು, ಹಸಿ ಇರುವಾಗ ಫ್ಯಾನ್ ಹಾಕಬಾರದು ಎಂದು ಎರಡು ಮಾತು ಹೇಳಿಕೊಟ್ಟ. ಎರಡನ್ನೂ ನಾನು ಮೊದಲ ದಿನವೇ ಮರೆತೆ. ಹಜಾರದ ಗೋಡೆಯನ್ನು ಸಮೀಪದಿಂದ ನೋಡಿದರೆ ಫ್ಯಾನಿನ ಧೂಳು, ಎರಡು ಸೊಳ್ಳೆ, ನನ್ನದೇ ಒಂದಿಷ್ಟು ನರೆಗೂದಲು ಸಿಗುತ್ತವೆ. ಗೋಡೆಯೇ ಡೊಂಕು ಎಂದು ನಾನು ವಾದಿಸಿದಾಗ ಏಣಿಯಪ್ಪ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಕ್ಕ.

ನಾನು ಮುಂದಕ್ಕೆ ಓಡಿಬಿಟ್ಟೆ. ಬಳಿಯುವುದಕ್ಕೆ ಮುಂಚೆ ಆದದ್ದು ಇನ್ನೂ ಕುತೂಹಲದ್ದು. ಬಣ್ಣದಂಗಡಿಯಾತ ಶೇಡ್ ಕಾರ್ಡನ್ನು ನನ್ನ ಮುಂದೆ ಬಿಡಿಸಿಟ್ಟು, ಮನೆಯಲ್ಲಿ ಅವರಿಗೆ ಯಾವ ಬಣ್ಣ ಇಷ್ಟ ಎಂದು ಕೇಳಿದ. ನಾನು ಕಾರ್ಡನ್ನು ಹಿಂದುಮುಂದು ತಿರುಗಿಸಿದೆ. ಮೂವತ್ತು ವರ್ಷ ಒಂದೇ ಸೂರಿನಡಿ ಇದ್ದೇವೆ. ನಿನಗೆ ಯಾವ ಪಕ್ಕಕ್ಕೆ ತಿರುಗಿ ಮಲಗಿದರೆ ನಿದ್ದೆ ಬರುತ್ತದೆ ಎಂದು ಗೊತ್ತು, ಸಕ್ಕರೆ ಎಷ್ಟು ಎಂದು ಗೊತ್ತು. ಬಣ್ಣ ಗೊತ್ತಿಲ್ಲ. ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರಲ್ಲ, ಹಾಗಾಯಿತು. ನಾಳೆ ಬರುತ್ತೇನೆಂದು ಅಂಗಡಿಯಿಂದ ಕಳ್ಳನ ಹಾಗೆ ಹೊರಬಿದ್ದೆ.

ಮಗಳಿಗೆ ಫೋನ್ ಮಾಡಿದೆ. ಅಮ್ಮನಿಗಾ, ಹಸಿರು ಎಂದಳು ತಟ್ಟನೆ. ಆಮೇಲೆ, ಇಲ್ಲಪ್ಪಾ, ಹಸಿರು ನನಗಿಷ್ಟ, ಅಮ್ಮ ನನಗೆ ಅಂತ ತರ್ತಾ ಇದ್ದಳು ಎಂದಳು. ನೀಲಿ ಇರಬಹುದು ಎಂದಳು. ಅದು ಅವಳ ಗಂಡನಿಗಿಷ್ಟ. ಕೊನೆಗೆ, ಅವಳನ್ನೇ ಕೇಳಬಾರದಾ ಎಂದಳು. ಕೇಳಬಹುದಿತ್ತು ನಿಜ. ಆದರೆ ಉತ್ತರ ಬರೆಯಬೇಕಾದವನು ಪ್ರಶ್ನೆ ಕೊಟ್ಟವರನ್ನೇ ಕೇಳಿದರೆ ಅದು ಕಾಪಿ ಹೊಡೆದಂತೆ ಎನಿಸಿತು. ನಿನ್ನ ಬಾಯಲ್ಲಿ ‘ಇಷ್ಟು ವರ್ಷಕ್ಕೆ ಈಗ ಕೇಳ್ತೀರಾ’ ಎಂಬ ಮಾತು ಕೇಳಲು ಧೈರ್ಯವಿರಲಿಲ್ಲ ಎನ್ನುವುದು ಇನ್ನೂ ನಿಜ.

ಹಾಗಾಗಿ ಸಾಕ್ಷಿ ಹುಡುಕಿದೆ. ನೀನು ಅತಿ ಹೆಚ್ಚು ಹೊದೆಯುವುದು ಆ ಬೂದಿಗಂದು ಬಣ್ಣದ ಉಣ್ಣೆಶಾಲು. ಒಂಬತ್ತು ಚಳಿಗಾಲದಿಂದ ಅದೇ. ಇಷ್ಟವಿಲ್ಲದಿದ್ದರೆ ಯಾರಾದರೂ ಒಂಬತ್ತು ವರ್ಷ ಹೊದೆಯುತ್ತಾರೆಯೇ? ಶಾಲನ್ನು ಅಂಗಡಿಗೆ ಒಯ್ದು, ಅದರ ಅಂಚಿಗೆ ಹೊಂದಿಸಿ ಬಣ್ಣ ಕಲೆಸಿಕೊಂಡು ತಂದು, ಹಜಾರದ ಉದ್ದ ಗೋಡೆಯನ್ನು ಮೂರು ದಿನದಲ್ಲಿ ಮುಗಿಸಿದೆ. ಆ ಮೂರು ದಿನ ನಾನು ಎಷ್ಟು ಸಂತೋಷವಾಗಿದ್ದೆ ಎಂದರೆ, ರೋಲರ್ ಓಡಿಸುತ್ತಾ ನಿನ್ನ ಜೊತೆ ಜೋರಾಗಿ ಮಾತಾಡುತ್ತಿದ್ದೆ. ರೋಲರ್ ಗೋಡೆಗೆ ತಾಗುವಾಗ ಒಂದು ಸಣ್ಣ ಹಸಿ ಸದ್ದು ಬರುತ್ತದೆ. ಬಣ್ಣ ಕಡಿಮೆಯಾದಂತೆ ಆ ಸದ್ದು ಒಣಗುತ್ತದೆ. ಕಣ್ಣು ಮುಚ್ಚಿಕೊಂಡೂ ಯಾವಾಗ ಅದ್ದಬೇಕು ಎಂದು ಹೇಳಬಲ್ಲೆ ಈಗ.

ನಾಲ್ಕನೆಯ ದಿನ ಹಿಂದಿನ ಬೀದಿಯ ದರ್ಜಿಯಮ್ಮ ನೀನು ಹೊಲಿಯಲು ಕೊಟ್ಟಿದ್ದ ಬಟ್ಟೆ ಕೊಡಲು ಬಂದಳು. ಗೋಡೆ ತೋರಿಸಿ, ನಮ್ಮ ಮನೆಯವಳಿಗೆ ಇಷ್ಟವಾದ ಬಣ್ಣ ಎಂದು ಬೀಗಿದೆ. ಆಕೆ ಗೋಡೆಯನ್ನೂ ನನ್ನನ್ನೂ ನೋಡಿ, “ಇಷ್ಟ ಅಂತ ಯಾರ್ ಹೇಳಿದ್ರು? ಇಪ್ಪತ್ತು ವರ್ಷದಿಂದ ನನ್ನ ಹತ್ರ ಬಟ್ಟೆ ಹೊಲಿಸ್ತಾರೆ, ಒಂದ್ಸಲಾನೂ ಇಂಥ ಬಣ್ಣ ಬೇಕು ಅಂದಿಲ್ಲ. ಕೊಳೆ ಕಾಣದಿದ್ರೆ ಸಾಕು ಅಂತಾರೆ” ಎಂದಳು. ಬಟ್ಟೆ ಮೇಜಿನ ಮೇಲಿಟ್ಟು, ಪಾಪ, ಚೆನ್ನಾಗಿ ಬಳಿದಿದ್ದೀರಿ ಎಂದು ಸಮಾಧಾನ ಹೇಳಿ ಹೋದಳು.

ಆಕೆ ಹೋದ ಮೇಲೆ ಮನೆಯನ್ನು ಇನ್ನೊಮ್ಮೆ ಸುತ್ತಿದೆ. ಪರದೆ, ಸೋಫಾದ ಹೊದಿಕೆ, ಕಾಲೊರೆಸು, ಅಡುಗೆಮನೆಯ ಟೈಲ್ಸು, ಎಲ್ಲವೂ ಕೊಳೆ ಕಾಣದ ಬಣ್ಣ. ನಾನು ಮೆಚ್ಚಿಕೊಂಡು ಹಜಾರಕ್ಕೆ ಬಳಿದದ್ದೂ ಅದೇ. ಮನೆಯಲ್ಲಿ ನಿನ್ನ ಕೈಯಿಂದ ಬಂದ ಬಣ್ಣ ಇಷ್ಟೊಂದಿದೆ, ಆದರೆ ಒಂದೂ ನಿನಗಾಗಿ ಬಂದದ್ದಲ್ಲ. ಮನುಷ್ಯರು ಹುಟ್ಟುತ್ತಲೇ ಹೀಗಿರುತ್ತಾರೆಯೇ, ಅಥವಾ ಯಾವುದೋ ಒಂದು ದಿನದಿಂದ ಹೀಗಾಗುತ್ತಾರೆಯೇ? ಇದಕ್ಕೆ ಉತ್ತರ ಬರೆದರೆ ಸಂತೋಷ.

ಯಾವ ಬಣ್ಣ ಎಂದು ತಿಳಿಯುವವರೆಗೆ ಕೈಕಟ್ಟಿ ಕೂರುವುದು ಬೇಡ ಎಂದು ಚಿಕ್ಕ ಕೋಣೆಯ ಕೆಲಸಕ್ಕೆ ಇಳಿದೆ. ಹಳೆಯದನ್ನು ಕೆರೆಯುವುದಕ್ಕೆ ಬಣ್ಣ ಆರಿಸಬೇಕಾಗಿಲ್ಲವಲ್ಲ. ನನ್ನ ಫೈಲುಗಳನ್ನೂ ಮುರಿದ ಕುರ್ಚಿಗಳನ್ನೂ ಹಜಾರಕ್ಕೆ ಸಾಗಿಸಿ, ಕಿಟಕಿಯ ಎದುರಿನ ಗೋಡೆಗೆ ನೀರು ಸವರಿ, ಬಣ್ಣ ಕೆರೆಯುವ ತಗಡಿನ ಪಟ್ಟಿ ಇಟ್ಟು ಎಳೆದೆ. ಏನಾಯಿತು ಹೇಳು? ಬೇಯಿಸಿದ ಆಲೂಗಡ್ಡೆಯ ಸಿಪ್ಪೆ ಬರುವ ಹಾಗೆ ಅಂಗೈಯಗಲ ಡಿಸ್ಟೆಂಪರ್, ಅದೇ ನೀರಲ್ಲಿ ಕಲೆಸಿ ಬಳಿಯುವ ಬಣ್ಣ, ಕಳಚಿ ಬಂತು. ಬೂದು, ಅದರ ಕೆಳಗೆ ಕೆನೆ, ಅದರ ಕೆಳಗೆ ಇನ್ನೊಂದು ಕೆನೆ, ಮೂರೂ ಒಟ್ಟಿಗೆ. ಅದರ ಕೆಳಗಿನದು ಎಣ್ಣೆಬಣ್ಣ. ಅದಕ್ಕೆ ನೀರು ಹತ್ತುವುದಿಲ್ಲ, ಅದಕ್ಕೇ ಅದು ಹಾಗೆಯೇ ಉಳಿದಿತ್ತು.

ಕಡುಕಿತ್ತಳೆ ಬಣ್ಣ. ಹಣ್ಣಾದ ಪರಂಗಿಯನ್ನು ಹೋಳು ಮಾಡಿದಾಗ ಒಳಗೆ ಕಾಣುತ್ತದಲ್ಲ, ಅದು. ನಗಬೇಡ. ಊಟ ಬಿಟ್ಟು ಎರಡು ದಿನ ಕೆರೆದೆ. ಗೋಡೆ ಪೂರ್ತಿ ಅದೇ ಬಣ್ಣ. ಎದೆಮಟ್ಟಕ್ಕೆ, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ, ಬಿಳಿಯಲ್ಲಿ ಒಂದು ಸಾಲು ಆಕೃತಿ. ಒಂದೊಂದೂ ಅಂಗೈಯಷ್ಟು. ಅಚ್ಚು ಇಟ್ಟು ಒತ್ತಿದ್ದಲ್ಲ, ಕೈಯಲ್ಲೇ ಬಿಡಿಸಿದ್ದು, ಒಂದರಂತೆ ಇನ್ನೊಂದಿಲ್ಲ. ಇಪ್ಪತ್ತಮೂರು ಇವೆ. ಏನು ಎಂದು ಮಾತ್ರ ತಿಳಿಯುತ್ತಿಲ್ಲ. ನನಗಂತೂ ಮೊದಲು ನೋಡಿದಾಗ ಚಪ್ಪಲಿ ಎನಿಸಿತು. ನಮಗಿಂತ ಮುಂಚೆ ಈ ಮನೆಯಲ್ಲಿ ಯಾರೋ ಚಪ್ಪಲಿ ವ್ಯಾಪಾರಿ ಇದ್ದಿರಬೇಕು, ಸರಕನ್ನೆಲ್ಲ ಗೋಡೆಗೇ ಏರಿಸಿದ್ದಾನೆ ಎಂದು ಒಬ್ಬನೇ ನಕ್ಕೆ. ಎಲ್ಲವೂ ಎಡಗಾಲಿನವೇ ಎನ್ನುವುದು ಇನ್ನೊಂದು ತಮಾಷೆ.

ಆದರೆ ಕೈ ಒಳ್ಳೆಯದು. ಮೂಲೆಯಲ್ಲಿ ಕಿತ್ತಳೆ ನಿಂತು ಬಿಳಿ ಶುರುವಾಗುವ ಗೆರೆಯನ್ನು ನಾನು ದಾರ ಹಿಡಿದು ನೋಡಿದೆ. ಒಂದು ಕೂದಲಷ್ಟೂ ಆಚೀಚೆ ಇಲ್ಲ. ಅಂಥದೇ ಮೂಲೆಯನ್ನು ಹಜಾರದಲ್ಲಿ ನಾನು ಎಳೆದಿರುವುದನ್ನು ನೋಡಿದರೆ ಹಾವು ಹರಿದ ಹಾಗಿದೆ. ಯಾರಿರಬಹುದು? ಎಷ್ಟು ದಿನ ತೆಗೆದುಕೊಂಡಿರಬಹುದು? ಇಷ್ಟು ಪ್ರೀತಿಯಿಂದ ಮಾಡಿದ್ದನ್ನು ಮುಚ್ಚಿದವರು ಯಾರು, ಯಾಕೆ? ಬಾಡಿಗೆದಾರರು ಬದಲಾಗಿರಬೇಕು. ನಾವು ಈ ಮನೆಗೆ ಬಂದ ಹೊಸದರಲ್ಲಿ ಅಕ್ಕಪಕ್ಕದವರ ಜೊತೆ ನೀನೇ ಹೆಚ್ಚು ಮಾತಾಡುತ್ತಿದ್ದವಳು. ಹಿಂದೆ ಇಲ್ಲಿದ್ದವರ ಬಗ್ಗೆ ಏನಾದರೂ ಕೇಳಿದ್ದರೆ ಬರೆ. ಈ ಬಣ್ಣ ನೋಡಿದರೆ ನಿನಗೆ ಏನನ್ನಿಸುತ್ತದೆ ಎಂದೂ ಬರೆ. ತುಂಬ ಗಾಢವಾಯಿತು, ಕಣ್ಣಿಗೆ ಹೊಡೆಯುತ್ತದೆ ಎನ್ನುತ್ತೀಯೇನೋ.

ಹಾಗೆಂದು ಇದನ್ನು ಇಟ್ಟುಕೊಳ್ಳುವ ಯೋಚನೆಯಿಲ್ಲ. ಯಾರದ್ದೋ ಗೋಡೆಯನ್ನು ನಿನ್ನದೆಂದು ಹೇಳಿ ನಿನ್ನನ್ನು ಕರೆಸಿಕೊಳ್ಳುವುದು ಮೋಸ. ಗುರುವಾರ ಏಣಿಯಪ್ಪ ಏಣಿ ಒಯ್ಯಲು ಬರುತ್ತಾನೆ, ಅಷ್ಟರೊಳಗೆ ಉಪ್ಪುಕಾಗದ ಉಜ್ಜಿ ಪ್ರೈಮರ್ ಹೊಡೆದುಬಿಡುತ್ತೇನೆ. ಮೇಲೆ ಬರುವ ಬಣ್ಣ ನಿನ್ನದು. ನಾಚಿಕೆ ಬಿಟ್ಟು ಕೇಳುತ್ತಿದ್ದೇನೆ, ಕಾಪಿ ಎಂದರೂ ಸರಿ: ನಿನಗೆ ಯಾವ ಬಣ್ಣ ಇಷ್ಟ? ಒಂದು ಪದ ಬರೆದು ಕಳಿಸು, ಸಾಕು.

ನಿನ್ನ ಅಕ್ಕನಿಗೆ ನನ್ನ ನಮಸ್ಕಾರ ಹೇಳು, ಮೆಟ್ಟಿಲನ್ನು ಒಂದೊಂದೇ ಹತ್ತಲಿ. ಅವರ ಮೊಮ್ಮಗಳಿಗೆ ಈ ತಾತನ ಆಶೀರ್ವಾದ, ಚೆನ್ನಾಗಿ ನಗುತ್ತಾ ಬೆಳೆಯಲಿ. ನಿನಗೆ ಒಳ್ಳೆಯ ನಿದ್ದೆ ಬರಲಿ, ಮೈ ಹುಷಾರಾಗಿರಲಿ. ನೀನಿಲ್ಲದೆ ಮನೆ ಬಿಕೋ ಎನ್ನುತ್ತಿದೆ ಎಂದು ಬರೆಯಲು ನಾಚಿಕೆಯಾಗಿ ಇಷ್ಟು ಪುಟ ತುಂಬಿಸಿದೆ.

ನಿನ್ನ,
ಪ್ರಶ್ನೆಪತ್ರಿಕೆ

ತಾ. ಕ.
ಮಾರ್ಚ್ ೧೪, ಶುಕ್ರವಾರ

ಮಂಗಳವಾರ ಮನೆಯಲ್ಲಿ ಲಕೋಟೆ ಇರಲಿಲ್ಲ. ಬುಧವಾರ ಕೈಯೆಲ್ಲ ಬಣ್ಣ. ಹಾಗಾಗಿ ಮೇಲಿನದು ಇನ್ನೂ ಇಲ್ಲೇ ಇದೆ. ಹರಿದುಹಾಕಬಹುದಿತ್ತು. ಹಾಕುವುದಿಲ್ಲ, ಬರೆದದ್ದನ್ನು ಬರೆದಂತೆಯೇ ಕಳಿಸುತ್ತೇನೆ.

ನಿನ್ನೆ ಏಣಿಯಪ್ಪ ಬಂದ. ಚಿಕ್ಕ ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟ. ನಾನು ಹೆಮ್ಮೆಯಿಂದ, ಯಾವ ಕಾಲದ ಗೋಡೆ ಹೇಳು ನೋಡೋಣ ಎಂದೆ. ಅವನು ಗೋಡೆಯ ಹತ್ತಿರ ಹೋಗಿ ಮೂಲೆಯ ಗೆರೆಯ ಮೇಲೆ ಬೆರಳಾಡಿಸಿದ.

“ಎಣ್ಣೆಬಣ್ಣದ ಮೇಲೆ ಡಿಸ್ಟೆಂಪರ್ ನಿಲ್ಲಲ್ಲ ಅಂತ ಆವತ್ತೇ ಹೇಳಿದ್ದೆ ನಿಮಗೆ” ಎಂದ.

ಯಾವತ್ತು ಎಂದು ಕೇಳಿದೆ. ಅವನು ನನ್ನ ಮುಖ ನೋಡಿದ, ನಾನು ತಮಾಷೆ ಮಾಡುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಹೇಳಿದ. ನಾವು ಈ ಮನೆಗೆ ಬಂದ ವರ್ಷ ನಾನು ಎರಡು ತಿಂಗಳು ಟ್ರೈನಿಂಗಿಗೆಂದು ಬೇರೆ ಊರಿಗೆ ಹೋಗಿದ್ದೆನಂತೆ. ನೀನು ಅವನ ಹತ್ತಿರ ಕಿಟಕಿಬಾಗಿಲಿಗೆ ಬಳಿದು ಉಳಿದ ಡಬ್ಬಿಗಳನ್ನು ಕೇಳಿ ತಂದೆಯಂತೆ, ಎರಡು ಬ್ರಷ್ಷನ್ನೂ. ಮೂಲೆ ಎಳೆಯುವಾಗ ಉಸಿರು ಹಿಡಿಯಬೇಕು ಎಂದು ಅವನೇ ನಿನಗೆ ಹೇಳಿಕೊಟ್ಟದ್ದಂತೆ. ನಾನು ಬಂದ ವಾರವೇ ಅವನನ್ನು ಕರೆಸಿ, ಹೇಗಾದರೂ ಮಾಡಿ ಮುಚ್ಚಯ್ಯಾ, ಬಂದವರೆಲ್ಲ ನಗುತ್ತಾರೆ ಎಂದೆನಂತೆ.

“ಅವು ಬಾತುಕೋಳಿ ಸರ್. ಚಪ್ಪಲಿ ಅಂತ ನಿಮ್ಮ ಆಫೀಸಿನೋರು ನಕ್ಕಿದ್ದು” ಎಂದ ಏಣಿಯಪ್ಪ. “ಆವತ್ತು ಮುಚ್ಚೋವಾಗ ಈ ನೆಲದಲ್ಲಿ ಏಣಿ ಜಾರ್ತಿತ್ತು. ಮುಗಿಯೋವರೆಗೂ ಅಮ್ಮಾವ್ರೇ ಹಿಡ್ಕೊಂಡು ನಿಂತಿದ್ರು.”

ಅವನು ಏಣಿ ಒಯ್ಯಲಿಲ್ಲ. ಇರಲಿ, ನಿಮಗೆ ಬೇಕಾಗುತ್ತೆ ಎಂದು ಹೊರಟುಹೋದ.

ಇವಳೇ, ನನಗೆ ಇದು ನೆನಪೇ ಇರಲಿಲ್ಲ. ನಿನ್ನ ಮೇಲಿನ ಸಿಟ್ಟಿಗೆ ಮರೆತದ್ದಲ್ಲ, ತಪ್ಪು ಎನಿಸಿ ಮರೆತದ್ದೂ ಅಲ್ಲ. ನನಗೆ ಅದೊಂದು ಸಂಜೆಯ ನಗು, ಅಷ್ಟೇ ಆಗಿತ್ತು. ಮೇಲಿನ ಪುಟದಲ್ಲಿ ಅದೇ ಚಪ್ಪಲಿಯ ಮಾತನ್ನು ಎರಡನೆಯ ಸಲ ಆಡಿ, ಎಡಗಾಲು ಎಂದು ಇನ್ನೊಂದನ್ನು ಸೇರಿಸಿದ್ದೇನೆ. ಇನ್ನೂ ಇದೆ. ಬುಧವಾರ ಬಾಗಿಲ ಕಡೆಯ ನಾಲ್ಕು ಬಾತುಕೋಳಿಗಳ ಮೇಲೆ ಪ್ರೈಮರ್ ಹೊಡೆದಿದ್ದೆ. ಏಣಿಯಪ್ಪ ಹೋದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಪ್ರೈಮರ್ ಎಣ್ಣೆಬಣ್ಣಕ್ಕೆ ಸರಿಯಾಗಿ ಕಚ್ಚಿರಲಿಲ್ಲ, ಮೂರು ಪೂರ್ತಿಯಾಗಿ ಹೊರಬಂದವು. ಒಂದರ ಕೊಕ್ಕು ನಾನು ಉಪ್ಪುಕಾಗದ ಉಜ್ಜಿದಾಗಲೇ ಹೋಗಿತ್ತು.

ನೀನು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತು. ಈ ಮನೆಯಲ್ಲಿ ನಿನ್ನದು ಒಂದು ಗೋಡೆ ಇತ್ತು. ಹೇಳಿದ ದಿನ ಬರುತ್ತೇನೆ ಎಂದು ನೀನು ಹೇಳಿದ್ದೆ. ಬಾ ಎಂದು ಕೇಳುವ ಮುಖ ನನಗಿಲ್ಲ, ಆ ಮಾತಿನಿಂದ ನಿನ್ನನ್ನು ಬಿಡಿಸಿದ್ದೇನೆ. ಬರುವುದೂ ಬಿಡುವುದೂ ನಿನಗೆ ಸೇರಿದ್ದು.

ನಿನ್ನೆಯಿಂದ ಆ ಗೋಡೆಯ ಎದುರು ಕೂತು ನೆನಪಿಸಿಕೊಳ್ಳಲು ಪ್ರಯತ್ನಿಸುತ್ತಿದ್ದೇನೆ. ನೀನು ಯಾವ ಬಟ್ಟೆ ಹಾಕಿದ್ದೆ, ಗೋಡೆ ತೋರಿಸುವಾಗ ಏನು ಹೇಳಿದೆ, ಯಾವುದೂ ಬರುವುದಿಲ್ಲ. ಒಂದೇ ಒಂದು ಇವತ್ತು ಬೆಳಿಗ್ಗೆ ಬಂತು. ನಾವು ನಾಲ್ವರು ನಗುತ್ತಿದ್ದಾಗ ನೀನು ಚಹಾದ ಲೋಟಗಳನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದೆ, ನೀನೂ ನಕ್ಕೆ. ನಮಗಿಂತ ಸ್ವಲ್ಪ ತಡವಾಗಿ ಶುರುಮಾಡಿದೆ, ನಾವೆಲ್ಲ ನಿಲ್ಲಿಸುವವರೆಗೂ ನಗುತ್ತಲೇ ಇದ್ದೆ.